ಗುಳಿಗೆ ನುಂಗಿ ಚಹಾಕ್ಕೆ ಸ್ವಲ್ಪ ತಡೆಯಿರಿ

ವಿರೂಪಾಪುರಗಡ್ಡೆ, ಸಾಣಾಪುರ, ಆನೆಗೊಂದಿ ಕಡೆಯ ಹಿರಿಯರೇ, ಥೈರಾಯ್ಡ್ ಗುಳಿಗೆಯನ್ನು ಬೆಳಗಿನ ಚಹಾದ ಜೊತೆ ನುಂಗುತ್ತೀರಲ್ಲ, ಮೊದಲು ಅದನ್ನು ಬಿಡಿ. ಚಹಾದ ಜೊತೆ ಹೋದ ಗುಳಿಗೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಸುಕಿನಲ್ಲಿ ಬರಿಹೊಟ್ಟೆಗೆ ನೀರಿನಲ್ಲಿ ನುಂಗಿ. ಅಂಗಳ ಗುಡಿಸಿ, ನೀರು ಹಾಕಿ, ದನಕ್ಕೆ ಮೇವು ಹಾಕುವಷ್ಟರಲ್ಲಿ ಅರ್ಧ ತಾಸು, ಒಂದು ತಾಸು ಕಳೆದಿರುತ್ತದೆ. ಆಮೇಲೆ ಚಹಾ ಕುಡಿಯಿರಿ, ಯಾರು ಬೇಡವೆಂದರು? ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳಿದ್ದರೆ ನಾಲ್ಕು ತಾಸು ಬಿಟ್ಟು ತೆಗೆದುಕೊಳ್ಳಿ.

ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೂ ಎದೆಗೂ ಏನು ಸಂಬಂಧ ಎನ್ನಬೇಡಿ. ಅದರ ಹಾರ್ಮೋನು ಕಡಿಮೆಯಾದರೆ ಎದೆಬಡಿತ ನಿಧಾನವಾಗುತ್ತದೆ, ಕೊಲೆಸ್ಟ್ರಾಲ್ ಏರುತ್ತದೆ. ಹೆಚ್ಚಾದರೆ ಬಡಿತ ಜೋರಾಗಿ ತಾಳ ತಪ್ಪುತ್ತದೆ. ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವಾ ಹೊಡೆಯುತ್ತದೆ. ಹಾರ್ಮೋನು ಹೆಚ್ಚಾದಾಗ ಹರೆಯದವರಿಗಾದರೆ ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ. ವಯಸ್ಸಾದವರಲ್ಲಿ ಎಷ್ಟೋ ಸಲ ಬರೀ ಸುಸ್ತು, ತೂಕ ಇಳಿಯುವುದು, ಅಷ್ಟೇ. ‘ವಯಸ್ಸಾಯ್ತಲ್ಲ’ ಎಂದು ನೀವು ಸುಮ್ಮನಿರುವುದು ಅದಕ್ಕೇ. ವಾರಕ್ಕೊಮ್ಮೆಯಾದರೂ ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ. ಬಡಿತ ಹಿಂದುಮುಂದಾದರೆ ಗಂಗಾವತಿ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಸುಸ್ತು ಕಳೆಯಲೆಂದು ಒಂದರ ಜಾಗದಲ್ಲಿ ಎರಡು ಗುಳಿಗೆ ನುಂಗುವ ಜಾಣರೂ ಇದ್ದಾರೆ. ಅತಿಯಾದರೆ ಅಮೃತವೂ ವಿಷ. ಹೃದ್ರೋಗ ಇರುವ ಹಿರಿಯರಿಗೆ ಡಾಕ್ಟರು 12.5 ಇಲ್ಲವೇ 25 ಮೈಕ್ರೋಗ್ರಾಂನಿಂದಲೇ ಶುರುಮಾಡುತ್ತಾರೆ, ಅದು ಜಿಪುಣತನವಲ್ಲ. ಡೋಸ್ ಬದಲಿಸಿದ ಆರರಿಂದ ಎಂಟು ವಾರಕ್ಕೆ ರಕ್ತ ಪರೀಕ್ಷೆ ತಪ್ಪಿಸಬೇಡಿ. ಆ ಪರೀಕ್ಷೆಯಲ್ಲಿ ಟಿಎಸ್ಎಚ್ (ಥೈರಾಯ್ಡನ್ನು ಚುರುಕುಗೊಳಿಸುವ ಹಾರ್ಮೋನು) ತುಸುವೇ ಏರಿದ್ದಕ್ಕೆ ಗುಳಿಗೆ ಬೇಕೇಬೇಕೆಂದು ಹಟವನ್ನೂ ಹಿಡಿಯಬೇಡಿ. ಯುರೋಪಿನಲ್ಲಿ 65 ದಾಟಿದ ಇಂಥ 737 ಜನರಲ್ಲಿ ಕೆಲವರಿಗೆ ಗುಳಿಗೆ, ಉಳಿದವರಿಗೆ ಹುಸಿ ಗುಳಿಗೆ ಕೊಟ್ಟು ನೋಡಿದರು. ಗುಳಿಗೆಯಿಂದ ಸುಸ್ತೇನೂ ಇಳಿಯಲಿಲ್ಲವೆಂದು 2017ರಲ್ಲಿ ಪ್ರಕಟಿಸಿದರು. ಎದೆಬಡಿತಕ್ಕೆ ಅಮಿಯೊಡರೋನ್ ತಿನ್ನುತ್ತಿದ್ದರೆ ಮಾತ್ರ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಅದು ಥೈರಾಯ್ಡನ್ನೇ ಕೆಡಿಸಬಲ್ಲದು.

ವಿರೂಪಾಪುರಗಡ್ಡೆಯವರಿಗೆ ಇನ್ನೊಂದು ಮಾತು. 2019ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಂನಿಂದ ನೀರು ಬಿಟ್ಟಾಗ ಗಡ್ಡೆಯಲ್ಲಿ ಸಿಕ್ಕಿಬಿದ್ದವರನ್ನು ಹೆಲಿಕಾಪ್ಟರ್ ತರಿಸಿ ಹೊರತಂದದ್ದನ್ನು ಮರೆತಿರಾ? ಬೆಂಕಿ ಬಿದ್ದಾಗ ಬಾವಿ ತೋಡಬೇಡಿ. ಮಳೆಗಾಲಕ್ಕೆ ಮುಂಚೆಯೇ ಒಂದು ತಿಂಗಳ ಗುಳಿಗೆ ತಂದು, ಒಲೆಯ ಶಾಖ, ಬಿಸಿಲು ತಾಗದ ಕಡೆ ಇಡಿ. ಎದೆ ನೋವು, ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿ; ಹೋಗುವಾಗ ಗುಳಿಗೆ ಚೀಟಿಯನ್ನೂ ಕೈಯಲ್ಲಿ ಹಿಡಿದುಕೊಳ್ಳಿ.