ಬಾಟಲಿ ಬದಲಾದರೆ ಹೆಸರೂ ಹೋಗುತ್ತದೆ

ಕಳೆದ ರಂಜಾನ್‌ನಲ್ಲಿ ಒಂದು ಸಂಜೆ ನಾವೆಲ್ಲ ಇಫ್ತಾರ್‌ಗೆ ಕುಳಿತಿದ್ದೆವು. ಅಜಾನ್ ಕೇಳಿದ ಕೂಡಲೇ ನನ್ನ ಚಿಕ್ಕ ತಮ್ಮ ಅಡುಗೆಮನೆಯ ಮೂಲೆಯಿಂದ ಒಂದು ನೀರಿನ ಬಾಟಲಿ ತಂದು ಮುಚ್ಚಳ ತೆರೆದ. ಒಳಗಿದ್ದದ್ದು ಹಾಲಿನಂತೆ ಬೆಳ್ಳಗಿತ್ತು. ಶರಬತ್ತು ಎಂದುಕೊಂಡಿದ್ದ. ಅದು ನೆಲ ಒರೆಸಲು ನೀರು ಬೆರೆಸಿಟ್ಟಿದ್ದ ಫಿನಾಯಿಲ್. ವಾಸನೆ ಬಂದು ಅಮ್ಮಿ ಕಿತ್ತುಕೊಂಡರು, ಏನೂ ಆಗಲಿಲ್ಲ. ಆದರೆ ಆ ಬಾಟಲಿಗೆ ಅದನ್ನು ತುಂಬಿಸಿಟ್ಟವಳು ನಾನೇ.

ವ್ಯವಹಾರ ಅಧ್ಯಯನದಲ್ಲಿ ನಾವು ಲೇಬಲ್‌ನ ಕೆಲಸಗಳನ್ನು ಓದುತ್ತೇವೆ: ವಸ್ತು ಯಾವುದು, ಹೇಗೆ ಬಳಸಬೇಕು, ಏನು ಎಚ್ಚರಿಕೆ. ಬೇರೆ ಬಾಟಲಿಗೆ ಸುರಿದ ಕ್ಷಣದಲ್ಲಿ ಇವೆಲ್ಲವೂ ಹೋಗುತ್ತವೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ನಮಗೆ ಮಾಹಿತಿಯ ಹಕ್ಕು ಕೊಟ್ಟಿದೆ. ಆ ಮಾಹಿತಿಯನ್ನು ನಾವೇ ಎಸೆದರೆ ಯಾವ ಕಾಯ್ದೆಯೂ ಕಾಪಾಡದು.

2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮೊನೋಕ್ರೋಟೋಫಾಸ್ ಎಂಬ ಕೀಟನಾಶಕ ಪತ್ತೆಯಾಯಿತು. ಆಹಾರ ಮತ್ತು ವಿಷ ಒಂದೇ ಕಡೆ ಸೇರಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ನಮ್ಮ ಕೊಡಗಿನ ಮನೆಗಳಲ್ಲಿ ಇನ್ನೊಂದು ವಸ್ತು ಇರುತ್ತದೆ: ಮೈಲುತುತ್ತು. ಕಾಫಿ, ಕರಿಮೆಣಸಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಇದು ಬೇಕು. 1% ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಉಳಿದದ್ದು ಪ್ಲಾಸ್ಟಿಕ್ ಕವರಿನಲ್ಲಿ ಮೂಲೆ ಸೇರುತ್ತದೆ. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಇದನ್ನು ನೀಲಾ ಥೋಥಾ ಎನ್ನುತ್ತೇವೆ. ದೊಡ್ಡವರಿಗೆ ಹೆಸರು ಗೊತ್ತು. ಮಗುವಿಗೆ ಅದು ನೀಲಿ ಬಣ್ಣದ ಕಲ್ಲುಸಕ್ಕರೆ. ನುಂಗಿದರೆ ವಾಂತಿ, ರಕ್ತಕಣಗಳ ನಾಶ, ಮೂತ್ರಪಿಂಡಕ್ಕೆ ಹಾನಿ.

ಕೀಟನಾಶಕದ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನೂ ನೋಡಿ. ಕೆಂಪು ಎಂದರೆ ಅತ್ಯಂತ ವಿಷಕಾರಿ. ನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು. ಹಸಿರು ಎಂದರೂ ಕುಡಿಯಬಹುದು ಎಂದಲ್ಲ.

ಅಪಾಯವಾದರೆ ಏನು ಮಾಡಬೇಕು?

1. ವಾಂತಿ ಮಾಡಿಸಬೇಡಿ. ಸೀಮೆಎಣ್ಣೆ ಮೇಲೆ ಬರುವಾಗ ಶ್ವಾಸಕೋಶಕ್ಕೆ ಹೋಗುತ್ತದೆ. ಆಸಿಡ್ ಗಂಟಲನ್ನು ಎರಡನೇ ಸಲ ಸುಡುತ್ತದೆ. ಉಪ್ಪುನೀರು, ನಿಂಬೆರಸವೂ ಬೇಡ.
2. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆಯಿರಿ.
3. 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.
4. ಬಾಟಲಿ ಅಥವಾ ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯಿರಿ. ವೈದ್ಯರಿಗೆ ಬೇಕಾದದ್ದು ಆ ಲೇಬಲ್.
5. ಇಲಿ ಪಾಷಾಣ ತಿಂದವರು ಮೊದಲ ದಿನ ಚೆನ್ನಾಗಿಯೇ ಕಾಣಬಹುದು. ರಂಜಕವಿರುವ ಪೇಸ್ಟ್ ಆದರೆ ಕೆಲವು ದಿನಗಳ ನಂತರ ಯಕೃತ್ತು ಕೆಡುತ್ತದೆ. ಕಾಯಬೇಡಿ.

ಇನ್ನೊಂದು ಮಾತು: ಬ್ಲೀಚ್ ಮತ್ತು ಟಾಯ್ಲೆಟ್ ಆಸಿಡ್ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ವರ್ಷದ ಕೊನೆಗೆ ಅಂಗಡಿಯವರು ದಾಸ್ತಾನು ಎಣಿಸುತ್ತಾರಲ್ಲ, ಹಾಗೆಯೇ ಇಫ್ತಾರ್‌ನ ಮರುದಿನ ನಾನು ಮನೆಯನ್ನೆಲ್ಲ ಹುಡುಕಿದೆ. ಹೆಸರಿಲ್ಲದ ಬಾಟಲಿ, ಪೊಟ್ಟಣ ಒಟ್ಟು ನಾಲ್ಕು ಸಿಕ್ಕವು. ಈಗ ಎಲ್ಲವೂ ಚೀಟಿ ಅಂಟಿಸಿಕೊಂಡು, ಬೀಗವಿರುವ ಕಪಾಟಿನಲ್ಲಿ, ತಮ್ಮನ ಕೈಗೆ ಎಟುಕದ ಎತ್ತರದಲ್ಲಿವೆ. ಈ ಭಾನುವಾರ ನೀವೂ ಎಣಿಸಿ ನೋಡಿ.