ಹರ್ಷನಾಟಕದ ಸ್ತ್ರೀಯರು ಮತ್ತು ಬಂದಳಿಕೆಯ ಜಕ್ಕಿಯಬ್ಬೆ: ಅಧಿಕಾರದ ಎರಡು ನಿರೂಪಣೆಗಳು

ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’ (1929) ಕೃತಿಯಿಂದ ಗ್ರೀಕ್ ರುದ್ರನಾಟಕವು ಕನ್ನಡಕ್ಕೆ ಪರಿಚಿತವಾದಷ್ಟು ಹರ್ಷನಾಟಕವು ಪರಿಚಿತವಾಗಲಿಲ್ಲ. ಅರಿಸ್ಟೋಫನೀಸನ ‘ಲಿಸಿಸ್ಟ್ರಾಟಾ’ (ಕ್ರಿ.ಪೂ. 411) ಚರ್ಚೆಗೆ ಬಂದಾಗಲೂ ಹೆಂಗಸರು ಗಂಡಂದಿರಿಗೆ ಶಯ್ಯಾಸುಖವನ್ನು ನಿರಾಕರಿಸುವ ಪ್ರಸಂಗವೇ ಮುಂದಾಗುತ್ತದೆ. ನಾಟಕದ ರಾಜಕೀಯ ಕೇಂದ್ರವಿರುವುದು ಬೇರೆಡೆ.

ಸಿಸಿಲಿಯ ದಂಡಯಾತ್ರೆ ಕ್ರಿ.ಪೂ. 413ರಲ್ಲಿ ಸರ್ವನಾಶದಲ್ಲಿ ಮುಗಿದ ಬಳಿಕ ಅಥೆನ್ಸ್ ತತ್ತರಿಸಿತ್ತು. ನಾಟಕದ ವೃದ್ಧೆಯರು ಆಕ್ರೊಪೊಲಿಸನ್ನು ವಶಪಡಿಸಿಕೊಳ್ಳುವುದು ಯುದ್ಧದ ಹಣವಿರುವುದು ಅಲ್ಲಿ ಎಂಬ ಕಾರಣಕ್ಕೆ. ಭಂಡಾರವನ್ನು ಹೆಂಗಸರು ನಿರ್ವಹಿಸುವುದೆಂತು ಎಂದು ಅಧಿಕಾರಿಯು ಕೇಳಿದಾಗ, ಮನೆಯ ಹಣವನ್ನು ನಿರ್ವಹಿಸುತ್ತಿರುವವರು ತಾವೇ ಅಲ್ಲವೆ ಎಂಬುದು ಲಿಸಿಸ್ಟ್ರಾಟಾಳ ಉತ್ತರ. ಮುಂದೆ ಅವಳು ಉಣ್ಣೆಯ ರೂಪಕವನ್ನು ವಿಸ್ತರಿಸುತ್ತಾಳೆ: ತುಪ್ಪಟವನ್ನು ತೊಳೆದು, ಕಸವನ್ನು ಹೆಕ್ಕಿ, ಹಿಂಜಿ, ನೂತು ಬಟ್ಟೆ ನೇಯುವಂತೆಯೇ ನಗರವನ್ನೂ ಹಸನು ಮಾಡಬೇಕು. ಇದಕ್ಕೂ ಮೊದಲೇ ಅಧಿಕಾರಿಗೇ ಮುಸುಕು ಹೊದಿಸಿ ಉಣ್ಣೆಯ ಬುಟ್ಟಿಯನ್ನು ಕೊಡಲಾಗಿರುತ್ತದೆ. ಇಲ್ಲಿನ ನಗೆ ಯಾರ ಮೇಲಿನದು ಎಂಬುದು ಸುಲಭವಾಗಿ ತೀರ್ಮಾನವಾಗದು. ಏಕೆಂದರೆ ಲಿಸಿಸ್ಟ್ರಾಟಾಳ ಪಾತ್ರಧಾರಿಯೂ ಪುರುಷನೇ.

ಕ್ರಿ.ಪೂ. 390ರ ಆಸುಪಾಸಿನ ‘ಸಭೆ ಸೇರಿದ ಹೆಂಗಸರು’ ನಾಟಕದ ಪ್ರಾಕ್ಸಗೋರಾ ಗಡ್ಡ ಕಟ್ಟಿಕೊಂಡು, ಗಂಡನ ಉಡುಪು ತೊಟ್ಟು ಜನಸಭೆಯನ್ನು ಗೆಲ್ಲುತ್ತಾಳೆ. ಅಥೆನ್ಸಿನಲ್ಲಿ ಹೆಂಗಸರಿಗೆ ಜನಸಭೆಯಲ್ಲಿ ಸ್ಥಾನವಿರಲಿಲ್ಲ. ಆದ್ದರಿಂದಲೇ ಅವರ ಆಳ್ವಿಕೆ ಹಾಸ್ಯದ ವಸ್ತುವಾಯಿತು.

ಈ ‘ಅಸಂಭವ’ವು ನಾಗರಖಂಡದಲ್ಲಿ ವಾಸ್ತವವಾಗಿತ್ತು. ಶಿಕಾರಿಪುರ–ಸೊರಬ ಸೀಮೆಯ ಈ ಎಪ್ಪತ್ತು ಹಳ್ಳಿಗಳ ನಾಡಿಗೆ ಹತ್ತನೆಯ ಶತಮಾನದ ಆರಂಭದಲ್ಲಿ ಜಕ್ಕಿಯಬ್ಬೆ ನಾಳ್ಗಾವುಂಡಿಯಾಗಿದ್ದಳು. ನಾಳ್ಗಾವುಂಡನಾಗಿದ್ದ ಗಂಡ ನಾಗಾರ್ಜುನನು ಮರಣಹೊಂದಿದಾಗ ಆ ಪದವಿಯನ್ನು ಇವಳಿಗೆ ಕೊಟ್ಟ ಸಂಗತಿಯನ್ನು ಬಂದಳಿಕೆಯ ಶಾಸನ (ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 7, ಶಿಕಾರಿಪುರ 219) ತಿಳಿಸುತ್ತದೆ. ಅವಳ ಆಡಳಿತ ಸಾಮರ್ಥ್ಯವನ್ನು ಹೊಗಳುವ ಶಾಸನಕಾರನು ‘ಹೆಣ್ಣಾಗಿದ್ದರೂ’ ಎಂಬರ್ಥದ ಮಾತನ್ನು ಸೇರಿಸದೆ ಬಿಟ್ಟಿಲ್ಲ. ಅರಿಸ್ಟೋಫನೀಸನ ನಗೆ ನಿಂತಿರುವುದೂ ಈ ‘ಆದರೂ’ ಎಂಬುದರ ಮೇಲೆಯೇ. ಒಂದೆಡೆ ಅದು ವಿನೋದ, ಇನ್ನೊಂದೆಡೆ ಪ್ರಶಸ್ತಿ; ಪೂರ್ವಗ್ರಹ ಮಾತ್ರ ಒಂದೇ.

ಹಾಗೆಂದು ಜಕ್ಕಿಯಬ್ಬೆಯನ್ನು ಪ್ರಾಕ್ಸಗೋರಾಳಿಗಿಂತ ಸ್ವತಂತ್ರಳೆಂದು ಭಾವಿಸುವುದು ಅವಸರವಾದೀತು. ಇವಳ ಪದವಿಯ ಹಿಂದೆ ವೈಧವ್ಯವಿದೆ, ಪ್ರಭುತ್ವದ ಅನುಗ್ರಹವಿದೆ. ವೇಷ ಮರೆಸಿಯಾದರೂ ವಾದದಿಂದ ಅಧಿಕಾರ ಪಡೆದವಳು ಪ್ರಾಕ್ಸಗೋರಾಳೇ.

ವ್ಯತ್ಯಾಸವು ಸ್ಪಷ್ಟವಾಗುವುದು ಮುಕ್ತಾಯದಲ್ಲಿ. ‘ಲಿಸಿಸ್ಟ್ರಾಟಾ’ದಲ್ಲಿ ಸಂಧಿಯಾದೊಡನೆ ಹೆಂಗಸರು ಗಂಡಂದಿರ ಜೊತೆ ಮನೆಗೆ ಮರಳುತ್ತಾರೆ, ಆಕ್ರೊಪೊಲಿಸಿನ ಭಂಡಾರದ ಮಾತನ್ನು ಆಮೇಲೆ ಯಾರೂ ಎತ್ತುವುದಿಲ್ಲ. ರೋಗಪೀಡಿತಳಾದ ಜಕ್ಕಿಯಬ್ಬೆಯಾದರೋ ಮಗಳನ್ನು ಕರೆಸಿ, ತನ್ನದಾಗಿದ್ದುದನ್ನು ಅವಳಿಗೆ ವಹಿಸಿಕೊಟ್ಟು, ಬಂದಳಿಕೆಯ ಬಸದಿಯಲ್ಲಿ ವ್ರತ ತೊಟ್ಟು ದೇಹತ್ಯಾಗ ಮಾಡುತ್ತಾಳೆ.