ಗರಡಿಯ ಸಾಮು, ಅಖಾಡದ ಪಟ್ಟು

'ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಗಾದೆ ನಮಗೆಲ್ಲ ಪರಿಚಿತ. ಸೋತರೂ ಸೋಲೊಪ್ಪದವನನ್ನು ಕುರಿತು ಆಡುವ ಮಾತಿದು. ಇದರೊಳಗೆ ಕುಸ್ತಿಯ ನಿಯಮವೊಂದು ಅಡಗಿದೆ. ಮೀಸೆಗೆ ಮಣ್ಣು ತಾಗಬೇಕಾದರೆ ಬೋರಲು ಬೀಳಬೇಕು. ಬೋರಲು ಬಿದ್ದಮಾತ್ರಕ್ಕೆ ಸೋಲಲ್ಲ. ಬೆನ್ನು ನೆಲಕ್ಕೆ ಹತ್ತಿದವನೇ ಸೋತವನು. ಅವನ ಮೀಸೆ ಶುಭ್ರವಾಗಿಯೇ ಇರುತ್ತದೆ! ಜಟ್ಟಿ ತನ್ನ ಸೋಲಿನ ಗುರುತನ್ನೇ ಗೆಲುವೆಂದು ತೋರಿಸುತ್ತಿದ್ದಾನೆ.

ಈ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಆಹಾರ, ವ್ಯಾಯಾಮ, ಕಾಳಗಗಳ ವಿವರಣೆಯಿದೆ. ನಮ್ಮ ಆದವಾನಿ ಸೀಮೆಯಲ್ಲಿ 'ತಾಲೀಮು' ಎಂಬ ಮಾತು ಕನ್ನಡದವರಿಗೂ ತೆಲುಗರಿಗೂ ಒಂದೇ.

"ಬಸ್ಕಿ ಹೊಡೆದರೆ, ಗದೆ ತಿರುಗಿಸಿದರೆ ಕುಸ್ತಿ ಬರುತ್ತದೆಯೇ?" ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅಷ್ಟರಿಂದಲೇ ಬಾರದು. ಆದರೆ ಒಂದೊಂದು ಸಾಮಿನಲ್ಲಿಯೂ ಒಂದೊಂದು ಪಟ್ಟಿನ ಬೀಜವಿದೆ.

1. ಬಸ್ಕಿ: ಬೆನ್ನು ನೆಟ್ಟಗಿಟ್ಟು ಕುಳಿತು ಏಳುವುದು. 'ಕಲಾಜಂಗ್' ಪಟ್ಟಿನಲ್ಲಿ ಎದುರಾಳಿಯ ತೋಳು ಹಿಡಿದು, ಕಂಕುಳಡಿ ನುಗ್ಗಿ, ಇನ್ನೊಂದು ಕೈಯಿಂದ ತೊಡೆ ಅಪ್ಪಿ, ಅವನನ್ನು ಹೆಗಲ ಮೇಲೆ ಹೊತ್ತು ಕೆಡಹುತ್ತಾರೆ. ಹತ್ತಿ ಮಾರುಕಟ್ಟೆಯ ಹಮಾಲರನ್ನು ನೋಡಿರಿ. ಅವರು ಮೂಟೆ ಎತ್ತುವುದು ತೋಳಿನಿಂದಲ್ಲ, ತೊಡೆಯಿಂದ.

2. ಗದೆ: ಬೆನ್ನ ಹಿಂದಿನ ಭಾರವನ್ನು ಹೆಗಲ ಮೇಲಿಂದ ಮುಂದಕ್ಕೆ ತರುವುದು. 'ದೋಬಿ' ಪಟ್ಟಿನಲ್ಲಿಯೂ ಇದೇ ಚಲನೆ. ಎದುರಾಳಿಯ ಒಂದು ತೋಳನ್ನು ಎರಡು ಕೈಗಳಿಂದ ಹಿಡಿದು, ಅವನಿಗೆ ಬೆನ್ನು ತಿರುಗಿಸಿ, ಸೊಂಟವನ್ನು ಅವನ ಸೊಂಟಕ್ಕಿಂತ ತಗ್ಗಿಸಿ, ಅಗಸನು ಬಟ್ಟೆಯನ್ನು ಕಲ್ಲಿಗೆ ಒಗೆಯುವಂತೆ ಎಸೆಯುತ್ತಾರೆ.

3. ದಂಡ: ಕೊನೆಯಲ್ಲಿ ಸೊಂಟ ಕೆಳಗೆ, ಎದೆ ಮೇಲೆ. ಎದುರಾಳಿ ಕಾಲಿಗೆ ನುಗ್ಗಿದಾಗ ಎರಡೂ ಕಾಲುಗಳನ್ನು ಹಿಂದಕ್ಕೆ ಎಸೆದು, ಅವನ ಮೇಲೆ ಭಾರ ಹಾಕುವ ಭಂಗಿಯೂ ಇದೇ.

ಚೀನಾ ದೇಶದ 'ತಾಯ್ ಚಿ'ಯನ್ನು ಗಮನಿಸಿರಿ. ಇಂದು ಹೆಚ್ಚಿನವರು ಅದನ್ನು ಆರೋಗ್ಯಕ್ಕಾಗಿ ನಿಧಾನವಾಗಿ ಮಾಡುತ್ತಾರೆ. ಅದರ 'ಕಾಡುಕುದುರೆಯ ಜೂಲು ಬಿಡಿಸುವ' ಚಲನೆಯಲ್ಲಿ ಕಾಲನ್ನು ಎದುರಾಳಿಯ ಕಾಲಿನ ಹಿಂದೆ ಊರಿ, ತೋಳನ್ನು ಅವನ ಎದೆಗೆ ಅಡ್ಡವಿಟ್ಟು, ಸೊಂಟ ತಿರುಗಿಸಿದರೆ ಅವನು ಹಿಂದಕ್ಕೆ ಉರುಳುತ್ತಾನೆ. ದೇಶ ಬೇರೆ, ತತ್ತ್ವ ಒಂದೇ: ಮೊದಲು ಸಮತೋಲ ಕೆಡಿಸು, ಆಮೇಲೆ ಕೆಡಹು.

ಮಣ್ಣಿನ ವಿದ್ಯೆ ಮ್ಯಾಟಿನ ಮೇಲೆ ನಡೆಯದೆಂಬ ಮಾತು ಪೂರ್ಣ ಸತ್ಯವಲ್ಲ. ಮಣ್ಣಿನಲ್ಲಿ ಪಳಗಿದ ಕೆ. ಡಿ. ಜಾಧವರು 1948ರ ಲಂಡನ್ ಒಲಿಂಪಿಕ್ಸಿನಲ್ಲಿ 6ನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಪಡೆದರು. ಮ್ಯಾಟಿನಲ್ಲಿ ನಿಯಮ ಮಾತ್ರ ಬೇರೆ. ಅಲ್ಲಿ 3 ನಿಮಿಷಗಳ 2 ಸುತ್ತು. ಎದುರಾಳಿಯನ್ನು ಕೆಡಹಿ ಹಿಡಿತಕ್ಕೆ ತಂದರೆ 2 ಅಂಕ. ಎರಡೂ ಭುಜಗಳನ್ನು ನೆಲಕ್ಕೊತ್ತಿ ಹಿಡಿದರೆ ಆಟವೇ ಮುಗಿಯಿತು. ಆದ್ದರಿಂದ ಸಾಮಿನ ಜೊತೆಗೆ ಚುರುಕೂ ಬೇಕು.

ಆದರೆ ಒಂದು ಎಚ್ಚರಿಕೆ. ಶಾಲೆಯ ಗಟ್ಟಿ ನೆಲದಲ್ಲಿ ಗೆಳೆಯನ ಮೇಲೆ ದೋಬಿ ಪಟ್ಟು ಹಾಕಬೇಡಿರಿ. ಕುತ್ತಿಗೆ ಉಳುಕಿದರೆ ಬಾಳೇ ಹಾಳಾದೀತು. ಮೊದಲು ಉಸ್ತಾದರ ಮುಂದೆ ಬೀಳುವುದನ್ನು ಕಲಿಯಿರಿ, ಆಮೇಲೆ ಬೀಳಿಸುವುದನ್ನು.

ಅರ್ಥವರಿಯದೆ ಪದ್ಯ ಕಂಠಪಾಠ ಮಾಡಿದರೆ ಪರೀಕ್ಷೆ ಮುಗಿದೊಡನೆ ಮರೆತುಹೋಗುತ್ತದೆ. ಹಾಗೆಯೇ, ಏಕೆಂದು ತಿಳಿಯದೆ ಹೊಡೆದ ನೂರು ಬಸ್ಕಿ ಬೆವರನ್ನಷ್ಟೇ ಕೊಡುತ್ತದೆ. ತಿಳಿದು ಹೊಡೆದ ಹತ್ತು ಬಸ್ಕಿ ವಿದ್ಯೆಯಾಗುತ್ತದೆ.